ನಾಯಿ ತಾನೇ!

‘ನಾಯಿ ತಾನೇ!’ ಎಂಬ ಮಾತಿನ ಮೇಲೆ ನನಗೆ ಬಹಳ ದಿನಗಳಿಂದ ಸಿಟ್ಟಿದೆ. ಆ ಸಿಟ್ಟನ್ನು ಒಮ್ಮೆ ಬರೆದು ತೀರಿಸಿಕೊಳ್ಳೋಣವೆಂದೇ ಈ ಬರಹ. ನಾಯಿ ಕುಂಟಿದರೂ ಇದೇ ಮಾತು, ಅನ್ನ ಬಿಟ್ಟರೂ ಇದೇ ಮಾತು, ಹೊಟ್ಟೆಯಡಿಯಲ್ಲಿ ಗಂಟು ಎದ್ದರೂ ಇದೇ ಮಾತು. ಹಾಗೆ ಹೇಳುವವರೇನು ಕಟುಕರಲ್ಲ. ಬೆಳಿಗ್ಗೆ ಎದ್ದು ಅದೇ ನಾಯಿಗೆ ದೋಸೆ ಹಾಕುವವರು. ಅದು ಒಂದು ರಾತ್ರಿ ಬೊಗಳದಿದ್ದರೆ ಚಿರತೆ ಹೊತ್ತೊಯ್ದಿತೋ ಏನೋ ಎಂದು ಬ್ಯಾಟರಿ ಹಿಡಿದು ಅಂಗಳಕ್ಕೆ ಇಳಿಯುವವರು. ಆದರೆ ಆ ನಾಯಿಗೆ ಕ್ಯಾನ್ಸರ್ ಇರಬಹುದು ಎಂಬ ಅನುಮಾನ ಬಂದ ದಿನ ಮನೆಮಂದಿಯೆಲ್ಲ ಆ ಎರಡು ಪದದ ಹಿಂದೆ ಅಡಗಿ ಕೂರುತ್ತಾರೆ.

‘ನಾಯಿಗೂ ಕ್ಯಾನ್ಸರ್ ಬರ್ತದಾ?’ ಎಂದು ಕೇಳುವವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬರುತ್ತದೆ. ಮನುಷ್ಯರಿಗೆ ಬರುವ ಹಾಗೆಯೇ ಮೂಳೆಗೆ, ರಕ್ತಕ್ಕೆ, ಚರ್ಮಕ್ಕೆ, ಹೆಣ್ಣುನಾಯಿಯಾದರೆ ಮೊಲೆಗೆ. ಹೆಣ್ಣುನಾಯಿಗೆ ಸಾಮಾನ್ಯವಾಗಿ 5 ಜೊತೆ ಮೊಲೆಗಳಿರುತ್ತವೆ. ಗಂಟು ಹೆಚ್ಚಾಗಿ ಕಾಣುವುದು ಹಿಂಗಾಲಿನ ಕಡೆಯ ಜೊತೆಗಳಲ್ಲಿ. ಹಾಗೆ ಎದ್ದ ಗಂಟುಗಳಲ್ಲಿ ಸುಮಾರು ಅರ್ಧದಷ್ಟು ನಿರುಪದ್ರವಿ, ಇನ್ನರ್ಧ ಕ್ಯಾನ್ಸರು ಎಂಬುದು ಪಶುವೈದ್ಯರ ಲೆಕ್ಕ. ಯಾವುದು ಯಾವುದೆಂದು ಬರಿ ಕೈಯಿಂದ ಮುಟ್ಟಿ ಖಚಿತವಾಗಿ ಹೇಳಲು ಅವರಿಗೂ ಸಾಧ್ಯವಿಲ್ಲ. ಅಂದ ಮೇಲೆ ಜಗಲಿಯ ಮೇಲೆ ಕವಳ ಹಾಕುತ್ತಾ ಕುಳಿತವರಿಗೆ ಅದು ಹೇಗೆ ಗೊತ್ತಾಗುತ್ತದೆ?

ನನಗೆ ಇದನ್ನೆಲ್ಲ ಕಲಿಸಿದವಳು ಕೆಂಪಿ. ನಮ್ಮ ವರದಮೂಲ ವರದಾ ನದಿ ಹುಟ್ಟುವ ಜಾಗ. ತೀರ್ಥಕ್ಕೆಂದು ಬರುವವರು ಇಲ್ಲಿ ಪಾಪ ಬಿಟ್ಟು ಹೋಗುತ್ತಾರೆಂದು ಹೇಳುವುದುಂಟು. ಕೆಲವರು ನಾಯಿಯನ್ನೂ ಬಿಟ್ಟು ಹೋಗುತ್ತಾರೆ. 2017ರಲ್ಲಿ ಹಾಗೆ ಯಾರೋ ಬಿಟ್ಟು ಹೋದ ಕಂದು ಬಣ್ಣದ ನಾಡುನಾಯಿ ಅವಳು. ಬರುವಾಗಲೇ ಎರಡು ಮೂರು ಸಲ ಮರಿ ಹಾಕಿದ ಮೈ. ನಮ್ಮ ಮನೆಯ ಕೊಟ್ಟಿಗೆಯ ಹತ್ತಿರ ಬಂದು ಮಲಗಿದವಳು ಆಮೇಲೆ ಹೋಗಲಿಲ್ಲ. ತೋಟಕ್ಕೆ ಮಂಗ ಬಂದರೆ ಓಡಿಸುವುದು, ಅಂಗಳದಲ್ಲಿ ಒಣ ಹಾಕಿದ ಅಡಿಕೆ ಕಾಯುವುದು, ಸಂಜೆ ನಾನು ಶಾಲೆಯಿಂದ ಬರುವ ಹೊತ್ತಿಗೆ ದಣಪೆಯ ಹತ್ತಿರ ಬಂದು ನಿಲ್ಲುವುದು ಅವಳ ಕೆಲಸ. 2022ರ ಶ್ರಾವಣದಲ್ಲಿ ಉಣುಗು ತೆಗೆಯುತ್ತಿರುವಾಗ ಕೊನೆಯ ಮೊಲೆಯ ಬುಡದಲ್ಲಿ ಗಜ್ಜುಗದಷ್ಟು ದೊಡ್ಡ ಗಂಟೊಂದು ಕೈಗೆ ಸಿಕ್ಕಿತು. ಅದರ ಪಕ್ಕದಲ್ಲಿ ಇನ್ನೊಂದು, ಹೆಸರುಕಾಳಿನಷ್ಟು. ಮುಟ್ಟಿದರೆ ಅವಳಿಗೆ ನೋವಿರಲಿಲ್ಲ. ಬಾಲ ಅಲ್ಲಾಡಿಸುತ್ತಿದ್ದಳು.

ವಿಷಯ ತಿಳಿದವರೆಲ್ಲ ಒಂದೊಂದು ಉಪಾಯ ಹೇಳಿದರು. ‘ನೋವಿಲ್ಲ ಅಂದ ಮೇಲೆ ಎಂತಕ್ಕೆ ತಲೆಬಿಸಿ ಮಾರಾಯ್ತಿ’ ಎಂದರು ಒಬ್ಬರು. ‘ಹಾಲು ಕಟ್ಟಿದ್ದು, ಬಿಸಿ ಎಣ್ಣೆ ಹಚ್ಚಿ’ ಎಂದರು ಇನ್ನೊಬ್ಬರು. ‘ಅಕ್ಕೋರೇ, ದೂರ ಎಲ್ಲಾದ್ರೂ ಬಿಟ್ಟು ಬರ್ತೇನೆ, ನಿಮಗೆ ನೋಡ್ಲಿಕ್ಕೆ ಕಷ್ಟ’ ಎಂದ ತೋಟದ ಕೆಲಸದವನು. ಅವನ ದೃಷ್ಟಿಯಲ್ಲಿ ಅದು ಉಪಕಾರವೇ. ಹತ್ತಿರದ ಒಂದು ಪಶು ಆಸ್ಪತ್ರೆಯಲ್ಲಿ ‘ವಯಸ್ಸಾಯ್ತಲ್ಲ, ಇರುವಷ್ಟು ದಿನ ಇರ್ಲಿ ಬಿಡಿ’ ಎಂದರು. ನೋಡಲಿಲ್ಲ, ಮುಟ್ಟಲಿಲ್ಲ. ಆ ವೈದ್ಯರನ್ನು ಬೈಯುವ ಮನಸ್ಸು ನನಗಿಲ್ಲ. ಹತ್ತಾರು ಊರಿನ ದನಕರು ಅವರೊಬ್ಬರ ಮೇಲೆ ಬಿದ್ದಿರುತ್ತದೆ. ಆದರೆ ಅವರ ಬಾಯಿಂದ ಬಂದದ್ದೂ ಅದೇ ಹಳೆಯ ಮಾತು, ಸ್ವಲ್ಪ ಓದಿದವರ ಭಾಷೆಯಲ್ಲಿ.

ಈಗ ನನ್ನ ಪ್ರಶ್ನೆ. ನಾವು ಮಲೆನಾಡಿನವರು ರೋಗ ಕಂಡರೆ ಸುಮ್ಮನೆ ಕೂರುವ ಜನವೇ? ಅಡಿಕೆ ಕೊನೆಗೆ ಕೊಳೆರೋಗ ಬರುತ್ತದೆಂದು ಜಡಿಮಳೆಯ ನಡುವೆ ಒಂದು ಹೊಳವು ಸಿಕ್ಕರೆ ಸಾಕು, ಕೊನೆಗೌಡನನ್ನು ಕಾಡಿ ಬೇಡಿ ಕರೆಸಿ ಮರ ಹತ್ತಿಸಿ ಬೋರ್ಡೋ ಹೊಡೆಸುತ್ತೇವೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬಂದಾಗ ಮರದ ಎಲೆಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ತಜ್ಞರಿಗೆ ತೋರಿಸಿದ್ದೇವೆ. ‘ಎಲೆ ತಾನೇ’ ಎಂದು ಯಾರೂ ಅನ್ನಲಿಲ್ಲ. ಎಲೆಗೆ ಪರೀಕ್ಷೆ ಬೇಕು, ಮಣ್ಣಿಗೆ ಪರೀಕ್ಷೆ ಬೇಕು, ಆ ತೋಟವನ್ನು ಹಗಲಿರುಳು ಕಾಯುವ ಜೀವಕ್ಕೆ ಬೇಡ! ಇದು ಯಾವ ನ್ಯಾಯ?

ಪ್ರಾಣಿಯ ಕಾಯಿಲೆಯನ್ನು ಪರೀಕ್ಷೆಗೆ ಒಳಪಡಿಸಿದ್ದರಿಂದ ನಮಗೆ ಎಷ್ಟು ಉಪಕಾರವಾಗಿದೆ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ‘ಮಂಗ ತಾನೇ’ ಎಂದು ಎಲ್ಲರೂ ಕೈಬಿಟ್ಟಿದ್ದರೆ ಏನಾಗುತ್ತಿತ್ತು? ಆ ಮಂಗಗಳನ್ನು ಪರೀಕ್ಷಿಸಿದ್ದರಿಂದಲೇ ಜನರನ್ನು ಕೊಲ್ಲುತ್ತಿದ್ದ ಜ್ವರದ ವೈರಸ್ಸು ಸಿಕ್ಕಿತು, ಅದನ್ನು ಹರಡುವುದು ಉಣುಗು ಎಂದು ತಿಳಿಯಿತು. ಕಾಯಿಲೆ ಯಾರ ಮೈಯಲ್ಲಿದ್ದರೂ ಅದಕ್ಕೊಂದು ಹೆಸರಿರುತ್ತದೆ. ಹೆಸರು ತಿಳಿದುಕೊಳ್ಳುವುದು ದುಂದುಗಾರಿಕೆಯಲ್ಲ.

ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮ ಪುಣ್ಯ. ಸಾಗರದಿಂದ 70 ಚಿಲ್ಲರೆ ಕಿಲೋಮೀಟರು. ಬಾಡಿಗೆಯ ಓಮ್ನಿಯಲ್ಲಿ ಗೋಣಿಚೀಲ ಹಾಸಿ ಕೆಂಪಿಯನ್ನು ಶಿವಮೊಗ್ಗಕ್ಕೆ ಕರೆದೊಯ್ದೆವು. ಗಂಟಿನೊಳಗೆ ಸಣ್ಣ ಸೂಜಿ ಚುಚ್ಚಿ ಒಂದಿಷ್ಟು ಜೀವಕೋಶ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ನೋಡುತ್ತಾರೆ. ಮೊಲೆಯ ಗಂಟಿನಲ್ಲಿ ಎಷ್ಟೋ ಸಲ ಸೂಜಿ ಪರೀಕ್ಷೆಯಿಂದ ಪೂರ್ತಿ ತೀರ್ಮಾನ ಸಿಗುವುದಿಲ್ಲ. ಗಂಟನ್ನೇ ತೆಗೆದು ಬಯಾಪ್ಸಿಗೆ ಕಳಿಸಬೇಕು. ಅದಕ್ಕೆ ಮೊದಲು ಶ್ವಾಸಕೋಶಕ್ಕೆ ಹರಡಿದೆಯೇ ಎಂದು ಎದೆಯ ಎಕ್ಸ್-ರೇ, ಅರಿವಳಿಕೆ ತಡೆದೀತೇ ಎಂದು ರಕ್ತಪರೀಕ್ಷೆ. ಹರಡಿರಲಿಲ್ಲ. ಸೆಪ್ಟೆಂಬರಿನಲ್ಲಿ ಆಪರೇಷನ್ ಆಯಿತು. ವರದಿ ಬರಲು 12 ದಿನ.

ಆ 12 ದಿನಗಳ ಬಗ್ಗೆ ಸ್ವಲ್ಪ ಹೇಳಬೇಕು. ‘ಹೌದು’ ಎಂದರೆ ಅಳಬಹುದು, ‘ಅಲ್ಲ’ ಎಂದರೆ ನಗಬಹುದು. ಏನೂ ತಿಳಿಯದ ದಿನಗಳಲ್ಲಿ ಏನು ಮಾಡುವುದು? ನಾನು ಟೀಚರಳಾದ್ದರಿಂದ ಒಂದು ನೋಟುಬುಕ್ಕು ಇಟ್ಟೆ. ಬೆಳಿಗ್ಗೆ ಎಷ್ಟು ತಿಂದಳು, ನೀರು ಕುಡಿದಳೇ, ಹೊಲಿಗೆ ಹೇಗಿದೆ, ಎದ್ದು ಓಡಾಡಿದಳೇ, ಇಷ್ಟೇ. ಗಳಿಗೆಗೊಮ್ಮೆ ಹೊಟ್ಟೆ ಮುಟ್ಟಿ ನೋಡುವುದನ್ನು ಬಿಟ್ಟೆ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟೆ: ಇನ್ನು ಹರಡುವ ಸಂಭವವೆಷ್ಟು? ಇನ್ನೇನಾದರೂ ಚಿಕಿತ್ಸೆ ಬೇಕೇ? ಬೇಡವೆಂದರೆ ಏನಾಗುತ್ತದೆ? ನೋವು ಬಂದರೆ ಏನು ಕೊಡಬೇಕು? ಎದುರಿಗೆ ಹೋದಾಗ ಗಂಟಲು ಕಟ್ಟಿ ಎಲ್ಲವೂ ಮರೆತುಹೋಗುತ್ತದೆ. ಬರೆದ ಚೀಟಿ ಮರೆಯುವುದಿಲ್ಲ.

ಆ ದಿನಗಳಲ್ಲೇ ಒಂದು ವಿಚಿತ್ರ ಗಮನಿಸಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ‘ನಾಯಿಗೆಲ್ಲ ಇಷ್ಟು ಖರ್ಚಾ’ ಎಂದು ನಕ್ಕವರೇ, ಒಬ್ಬೊಬ್ಬರಾಗಿ ಹತ್ತಿರ ಬಂದು ದನಿ ತಗ್ಗಿಸಿ ಕೇಳತೊಡಗಿದರು. ‘ಅಲ್ವೇ, ಆ ಗಂಟು ಮುಟ್ಟಿದರೆ ಹೇಗಿತ್ತು? ಅತ್ತಿತ್ತ ಸರೀತಿತ್ತಾ? ನೋಯ್ತಿತ್ತಾ?’ ಹೀಗೆ ಮೂವರು ಕೇಳಿದರು. ಮೂವರೂ ಹೆಂಗಸರು. ಅವರು ಕೇಳುತ್ತಿದ್ದುದು ನಾಯಿಯ ವಿಷಯವಲ್ಲ ಎಂದು ತಿಳಿಯಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ.

ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರು ಸ್ತನದ್ದು. ಅದರ ಗಂಟೂ ಮೊದಮೊದಲು ಹೆಚ್ಚಾಗಿ ನೋಯುವುದಿಲ್ಲ. ನೋಯುವುದಿಲ್ಲವೆಂದೇ ನಾವು ಸೆರಗಿನೊಳಗೆ ಮುಚ್ಚಿಡುತ್ತೇವೆ. ಮಗಳ ಮದುವೆ ಮುಗಿಯಲಿ, ಅಡಿಕೆ ಕೊಯ್ಲು ಮುಗಿಯಲಿ, ಪರೀಕ್ಷೆ ಪೇಪರು ತಿದ್ದಿ ಆಗಲಿ. ಆ ರೋಗದ ಹೆಸರನ್ನೂ ನಾವು ಬಾಯಿಬಿಟ್ಟು ಹೇಳುವುದಿಲ್ಲ. ‘ಬೆಂಗಳೂರಿನ ಕಿದ್ವಾಯಿಗೆ ಕರ್ಕೊಂಡು ಹೋದರಂತೆ’ ಎಂದು ಪಿಸುಗುಡುತ್ತೇವೆ, ಕೇಳಿದವರಿಗೆ ಅರ್ಥವಾಗುತ್ತದೆ. ‘ನಾಯಿ ತಾನೇ’ ಎನ್ನುವ ಮನೆಯಲ್ಲೇ ‘ಹೆಂಗಸರಿಗೆ ಇದೆಲ್ಲ ಇದ್ದದ್ದೇ’ ಎಂಬ ಮಾತೂ ಹುಟ್ಟುತ್ತದೆ. ಎರಡೂ ಒಂದೇ ಬಾಯಿಯವು. ಹೆಣ್ಣು ಮೈಯ ಗಂಟನ್ನು ನೋಡದೇ ಇರುವ ಅಭ್ಯಾಸ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ ಅದು ಮನೆಯ ನಾಯಿಯನ್ನೂ ಬಿಟ್ಟಿಲ್ಲ. ನಾನು ಆ ಮೂವರಿಗೂ ಹೇಳಿದ್ದು ಒಂದೇ ಮಾತು: ‘ನಾಯಿಗೇ ತೋರಿಸಿ ಬಂದೆ. ನೀನೂ ಹೋಗಿ ತೋರಿಸು.’

ವರದಿ ಬಂತು. ದೊಡ್ಡ ಗಂಟು ನಿರುಪದ್ರವಿ, ಹೆಸರುಕಾಳಿನಷ್ಟಿದ್ದ ಸಣ್ಣದೇ ಕ್ಯಾನ್ಸರು! ಅಂಚುಗಳಲ್ಲಿ ರೋಗ ಉಳಿದಿಲ್ಲ ಎಂದು ಬರೆದಿತ್ತು. ಆಗ ಶುರುವಾಯಿತು ಲೆಕ್ಕದ ಮಾತು. ಓಮ್ನಿ ಬಾಡಿಗೆ, ಪರೀಕ್ಷೆ, ಔಷಧಿ ಎಲ್ಲ ಸೇರಿ ನಮಗೆ ಆದದ್ದು 9 ಸಾವಿರದ ಚಿಲ್ಲರೆ. ದೊಡ್ಡ ಗಂಟಿನ ಸುದ್ದಿ ಕೇಳಿದವರು ‘ನೋಡಿ, ಕ್ಯಾನ್ಸರ್ ಅಲ್ಲ, ದುಡ್ಡು ದಂಡ’ ಎಂದರು. ಸಣ್ಣ ಗಂಟಿನ ಸುದ್ದಿ ಕೇಳಿದವರು ‘ಕ್ಯಾನ್ಸರ್ ಅಂದ ಮೇಲೆ ಮುಗೀತು, ದುಡ್ಡು ದಂಡ’ ಎಂದರು. ಅಲ್ಲದಿದ್ದರೂ ದಂಡ, ಆದರೂ ದಂಡ! ಅಂದರೆ ಇವರಿಗೆ ಫಲಿತಾಂಶ ಬೇಕಾಗಿಯೇ ಇಲ್ಲ, ನೋಡದೇ ಇರಲು ಒಂದು ನೆಪ ಬೇಕು. ಅದೇ ವರ್ಷ ಇದೇ ಜನ ಒಂದು ಗೃಹಪ್ರವೇಶದ ಶಾಮಿಯಾನಕ್ಕೆ ಎಷ್ಟು ಕೊಟ್ಟರೆಂದು ನಾನು ಕೇಳಲಿಲ್ಲ.

ಕೆಂಪಿ ಆಮೇಲೆ ಒಂದು ವರ್ಷ ನಾಲ್ಕು ತಿಂಗಳು ಬದುಕಿದಳು. ಅದರಲ್ಲಿ ಒಂದು ವರ್ಷ ಮೂರು ತಿಂಗಳು ಮಂಗ ಓಡಿಸಿದಳು, ದಣಪೆಗೆ ಬಂದಳು, ಒಬ್ಬಟ್ಟಿಗೆ ಕಾದು ಕುಳಿತಳು. ಅದು ದಂಡವೋ ಅಲ್ಲವೋ ಅವಳನ್ನೇ ಕೇಳಬೇಕಿತ್ತು.

‘ನಾಯಿಗೆ ಇಷ್ಟೆಲ್ಲ ಮಾಡುವುದು ಪಟ್ಟಣದವರ ಶೋಕಿ, ನಮ್ಮ ಸಂಸ್ಕೃತಿಯಲ್ಲಿ ಇಲ್ಲ’ ಎನ್ನುವ ಹಿರಿಯರೂ ಇದ್ದಾರೆ. ಯಾವ ಸಂಸ್ಕೃತಿ? ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದ ಕಥೆಯನ್ನು ಮಕ್ಕಳಿಗೆ ಹೇಳುವುದು ನಾವೇ. ಕನ್ನಡ ನಾಡಿನಲ್ಲಿ ಕಲ್ಲಿನ ಸಾಕ್ಷಿಯೂ ಇದೆ. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 950ರ ಹೊತ್ತಿನದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗ ‘ಏನು ಬೇಕು ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ ಹಂದಿಯೊಡನೆ ತಾನೂ ಸತ್ತಾಗ ಅದಕ್ಕೊಂದು ಕಲ್ಲು ನೆಡಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ನಾಯಿಗೆ ಭೂಮಿ ಬಿಟ್ಟ ಜನರ ಸಂಸ್ಕೃತಿ ದೊಡ್ಡದೋ, ರಾತ್ರಿ ಹೊತ್ತು ದೇವಸ್ಥಾನದ ಬಳಿ ನಾಯಿಯನ್ನು ಬಿಟ್ಟು ಗಾಡಿ ತಿರುಗಿಸುವವರದು ದೊಡ್ಡದೋ?

ಬಿಡುವುದು ತಪ್ಪೆಂದು ಕಾನೂನೂ ಹೇಳುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ, ಹಸಿವೆ ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಸಲಕ್ಕೆ ಅಲ್ಲಿ ಬರೆದಿಟ್ಟ ದಂಡ 10 ರೂಪಾಯಿಯಿಂದ 50 ರೂಪಾಯಿ. ಬರೆದವರೂ ಮನಸ್ಸಿನಲ್ಲಿ ‘ನಾಯಿ ತಾನೇ’ ಎಂದುಕೊಂಡಿರಬೇಕು.

ಹಾಗೆ ತೊರೆಯಲ್ಪಡುವುದರಲ್ಲೂ ಹೆಣ್ಣಿಗೇ ಹೆಚ್ಚು ಪಾಲು. ನಾಯಿ ಮರಿ ಹಾಕಿತೆಂದರೆ ‘ಗಂಡು ಮರಿ ಇದ್ದರೆ ನಮಗೊಂದು ಕೊಡಿ’ ಎನ್ನುತ್ತಾರೆ. ಉಳಿದ ಹೆಣ್ಣು ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಸಂತೆಮಾಳದ ಕಡೆಗೆ. ಅದರಲ್ಲಿ ಬದುಕಿದ್ದು ವರ್ಷವರ್ಷ ಬೆದೆಗೆ ಬಂದು, ಮರಿ ಹಾಕಿ, ಮೈ ಸೋತು, ಎಂಟು ಹತ್ತು ವರ್ಷವಾಗುವ ಹೊತ್ತಿಗೆ ಮೊಲೆಯಲ್ಲಿ ಗಂಟು. ಇದನ್ನು ಬಹಳಮಟ್ಟಿಗೆ ತಡೆಯಬಹುದು. 1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಅಧ್ಯಯನದ ಪ್ರಕಾರ, ಸಂತಾನಹರಣ ಆಪರೇಷನ್ ಮಾಡಿಸದ ನಾಯಿಗೆ ಮೊಲೆಯ ಕ್ಯಾನ್ಸರಿನ ಅಪಾಯ 100 ಎಂದಿಟ್ಟುಕೊಂಡರೆ, ಮೊದಲ ಬೆದೆಗೆ ಮುಂಚೆಯೇ ಮಾಡಿಸಿದ ನಾಯಿಗೆ ಅದು ಅರ್ಧ ಮಾತ್ರ, ಅಂದರೆ 0.5, ಒಂದು ಬೆದೆಯ ನಂತರ ಮಾಡಿಸಿದರೆ 8, ಎರಡು ಅಥವಾ ಹೆಚ್ಚು ಬೆದೆಗಳ ನಂತರವಾದರೆ 26. ಆ ಅಂಕಿಗಳು ಅಷ್ಟು ಕರಾರುವಾಕ್ಕೇ ಎಂದು ಈಚೆಗೆ ಕೆಲವು ಸಂಶೋಧಕರು ಪ್ರಶ್ನಿಸಿದ್ದೂ ಉಂಟು. ಇರಲಿ. ಪೆಟ್ಟಿಗೆಯಲ್ಲಿ ಹಾಕಿ ಸಾಗಿಸುವ ಮರಿಗಳ ಪಾಪವಾದರೂ ತಪ್ಪುತ್ತದಲ್ಲ. ‘ಪ್ರಕೃತಿಗೆ ವಿರುದ್ಧ’ ಎನ್ನುವವರು ರಟ್ಟಿನ ಪೆಟ್ಟಿಗೆ ಯಾವ ಪ್ರಕೃತಿಯಲ್ಲಿ ಬೆಳೆಯುತ್ತದೆಂದು ಹೇಳಲಿ.

ಗಂಟೆಲ್ಲ ಸಾವಿನ ಚೀಟಿಯೂ ಅಲ್ಲ. ಊರಾಡುವ ನಾಯಿಗಳಲ್ಲಿ ಕೂಡುವಾಗ ಒಂದರಿಂದ ಒಂದಕ್ಕೆ ಅಂಟುವ ಒಂದು ಕ್ಯಾನ್ಸರಿದೆ. ಹಿಂಬದಿಯಲ್ಲಿ ಹೂಕೋಸಿನಂಥ ಗಂಟು, ರಕ್ತ ಸೋರುವುದು. ನೋಡಿದವರು ಅಸಹ್ಯಪಟ್ಟು ಕಲ್ಲು ಹೊಡೆಯುತ್ತಾರೆ. ಆದರೆ ವಿನ್‌ಕ್ರಿಸ್ಟಿನ್ ಎಂಬ ಔಷಧಿಯನ್ನು ವಾರಕ್ಕೊಂದರಂತೆ ಕೆಲವು ಸಲ ರಕ್ತನಾಳಕ್ಕೆ ಕೊಟ್ಟರೆ ಬಹುಪಾಲು ನಾಯಿಗಳು ಪೂರ್ತಿ ಗುಣವಾಗುತ್ತವೆ. ಆ ಔಷಧಿ ಸಿಕ್ಕಿದ್ದು ಎಲ್ಲಿಂದ ಗೊತ್ತೇ? ನಮ್ಮ ಮನೆಗಳ ಅಂಗಳದಲ್ಲಿ ತಾನಾಗಿ ಬೆಳೆಯುವ ನಿತ್ಯಪುಷ್ಪದಿಂದ, ಕಾಶಿಕಣಗಿಲೆ ಎನ್ನುತ್ತಾರಲ್ಲ, ಅದರಿಂದ. ಮಕ್ಕಳ ರಕ್ತದ ಕ್ಯಾನ್ಸರಿಗೂ ಅದೇ ಔಷಧಿ ಬಳಸುತ್ತಾರೆ. ಹಾಗೆಂದು ಎಲೆ ಅರೆದು ಕುಡಿಸಲು ಹೋಗಬೇಡಿ. ರಾಶಿ ರಾಶಿ ಎಲೆಯಿಂದ ಚಿಟಿಕೆಯಷ್ಟು ಔಷಧಿ ತೆಗೆಯುತ್ತಾರೆ. ಅಳತೆ ತಪ್ಪಿದರೆ ಅದು ವಿಷ.

ನಾಟಿ ಔಷಧಿಯ ವಿಚಾರಕ್ಕೆ ಬಂದರೆ ನಮ್ಮ ತಾಲ್ಲೂಕಿನ ನರಸೀಪುರದ ಹೆಸರು ಹೇಳದೆ ಇರಲು ಸಾಧ್ಯವಿಲ್ಲ. ವೈದ್ಯ ನಾರಾಯಣಮೂರ್ತಿಯವರು 2020ರಲ್ಲಿ ತೀರಿಕೊಳ್ಳುವವರೆಗೂ ಅವರ ಮನೆ ಮುಂದೆ ಮರದ ಚಕ್ಕೆಯ ಔಷಧಿಗೆ ದೂರದೂರದ ರಾಜ್ಯಗಳಿಂದ ಜನ ಬಂದು ಸಾಲು ನಿಲ್ಲುತ್ತಿದ್ದರು. ಕೆಂಪಿಗೂ ಅಂಥ ಚಕ್ಕೆ ಕುದಿಸಿ ಕೊಡಿ ಎಂದವರಿದ್ದರು. ಆ ಸಾಲಿನಲ್ಲಿ ನಿಂತವರ ನಂಬಿಕೆಯ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಅಲ್ಲಿ ನಿಂತವರಲ್ಲೂ ಕೈಯಲ್ಲಿ ಆಸ್ಪತ್ರೆಯ ಫೈಲು ಹಿಡಿದವರನ್ನು ನಾನು ಕಂಡಿದ್ದೇನೆ. ರೋಗ ಯಾವುದೆಂದು ತಿಳಿದುಕೊಂಡೇ ಅವರು ಬಂದಿದ್ದರು. ಏನೆಂದೇ ತಿಳಿಯದ ಗಂಟಿಗೆ ಕಷಾಯ ಕುದಿಸುವುದು ಕಾಲ ಕಳೆಯುವ ಇನ್ನೊಂದು ದಾರಿ, ಅಷ್ಟೇ.

ಇನ್ನೊಂದು ಕಡೆಯವರಿಗೂ ಎರಡು ಮಾತು. ‘ಎಷ್ಟಾದರೂ ಸರಿ, ಏನಾದರೂ ಮಾಡಿ’ ಎಂದು ಎದ್ದು ನಿಲ್ಲಲಾರದ ನಾಯಿಯನ್ನು ಊರಿಂದೂರಿಗೆ ಎಳೆದಾಡುವವರಿದ್ದಾರೆ. ಅದು ನಾಯಿಗಾಗಿ ಅಲ್ಲ, ತಮ್ಮ ದುಃಖಕ್ಕಾಗಿ. ನಾಯಿಗೆ ನಾಳೆಯ ಆಸೆ ಹೇಳಿ ಇಂದಿನ ನೋವು ಸಹಿಸಲು ಕಲಿಸಲಾಗದು. ಅದಕ್ಕೆ ಇರುವುದು ಇಂದು ಮಾತ್ರ. 2023ರ ಡಿಸೆಂಬರಿನಲ್ಲಿ ಕೆಂಪಿಗೆ ಕೆಮ್ಮು ಶುರುವಾಯಿತು, ಏದುಸಿರು ಬಂತು. ಶ್ವಾಸಕೋಶಕ್ಕೆ ಹರಡಿತ್ತು. ನೋವಿಗೆ, ಉಸಿರಿಗೆ ಏನು ಕೊಡಬಹುದೋ ಅದನ್ನು ವೈದ್ಯರನ್ನು ಕೇಳಿಯೇ ಕೊಟ್ಟೆವು. ನಮ್ಮ ಡಬ್ಬಿಯಲ್ಲಿರುವ ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು. ಜನವರಿಯಲ್ಲಿ ಒಂದು ದಿನ ಅವಳು ದಣಪೆಗೆ ಬರಲಿಲ್ಲ, ಮರುದಿನ ಅನ್ನ ಮುಟ್ಟಲಿಲ್ಲ. ವೈದ್ಯರೊಬ್ಬರು ಮನೆಗೇ ಬಂದು ಸೂಜಿ ಕೊಟ್ಟರು. ತಲೆ ನನ್ನ ತೊಡೆಯ ಮೇಲಿತ್ತು. ‘ನೀವೇ ಕೊಲ್ಲಿಸಿದಿರಾ?’ ಎಂದು ಕೇಳಿದವರಿದ್ದಾರೆ. ‘ಇರುವಷ್ಟು ದಿನ ಇರ್ಲಿ’ ಎಂದು ಕೊಟ್ಟಿಗೆಯ ಮೂಲೆಯಲ್ಲಿ ನರಳಲು ಬಿಡುವುದು ಕೊಲ್ಲುವುದಲ್ಲವಂತೆ! ನಮ್ಮ ಮನೆಯವರು ಅವರಿಗೆ ಉತ್ತರ ಕೊಡಲಿಲ್ಲ. ಹಲಸಿನ ಮರದ ಬುಡದಲ್ಲಿ ಗುಂಡಿ ತೋಡುತ್ತಿದ್ದರು.

‘ಸಂಬಳ ಬರುವ ಅಕ್ಕೋರು ಹೇಳುತ್ತಾರೆ, ಕೂಲಿ ಮಾಡುವವರು ಏನು ಮಾಡಬೇಕು?’ ಇದು ನ್ಯಾಯವಾದ ಪ್ರಶ್ನೆ. 9 ಸಾವಿರ ಎಲ್ಲರ ಕೈಯಲ್ಲಿರುವುದಿಲ್ಲ. ಅದಕ್ಕೇ ಈ ಮಾತು ಮನೆಯೊಳಗೆ ಮುಗಿಯಬಾರದು. ಸೂಜಿ ಚುಚ್ಚಿ ಗಾಜಿನ ಪಟ್ಟಿಗೆ ಸವರುವುದು ದೊಡ್ಡ ಯಂತ್ರ ಬೇಡುವ ಕೆಲಸವಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ನಾಯಿ ಬೆಕ್ಕುಗಳಿಗೆಂದು ಇಟ್ಟು, ಆ ಪಟ್ಟಿಗಳನ್ನು ಶಿವಮೊಗ್ಗಕ್ಕೆ ಕಳಿಸುವ ಏರ್ಪಾಡಾಗಲಿ. ಸಂತಾನಹರಣದ ಶಿಬಿರಗಳು ಪಟ್ಟಣದಲ್ಲಷ್ಟೇ ಅಲ್ಲ, ಹೋಬಳಿಗೂ ಬರಲಿ. ಮಹಿಳಾ ಮಂಡಳಗಳು ರಂಗೋಲಿ ಸ್ಪರ್ಧೆಯ ಜೊತೆಗೆ ಇದನ್ನೂ ಒಂದು ವರ್ಷ ಕೈಗೆತ್ತಿಕೊಂಡು ನೋಡಲಿ. ಏನೂ ಖರ್ಚು ಮಾಡಲಾಗದವರೂ ಒಂದು ಕೆಲಸ ಮಾಡಬಹುದು: ಬಿಡದೇ ಇರಬಹುದು. ಕೊನೆಯವರೆಗೂ ಒಣಗಿದ ಗೋಣಿ, ಒಂದು ಮುಷ್ಟಿ ಅನ್ನ, ಗೊತ್ತಿರುವ ಮುಖ. ಅದಕ್ಕೆ ದುಡ್ಡು ಬೇಡ.

ಉಳಿದವರಿಗೆ ನಾನು ಹೇಳುವುದು ಇಷ್ಟೇ. ತಿಂಗಳಿಗೊಮ್ಮೆ ನಿಮ್ಮ ನಾಯಿಯನ್ನು ಅಂಗಾತ ಮಲಗಿಸಿ ಹೊಟ್ಟೆಯ ಎರಡು ಸಾಲನ್ನೂ ಮೇಲಿನಿಂದ ಕೆಳಗೆ ಬೆರಳಾಡಿಸಿ ನೋಡಿ. ಗಂಟು ಸಿಕ್ಕರೆ ಅದು ಎಷ್ಟು ದೊಡ್ಡದಿದೆ ಎಂದು ಬರೆದಿಟ್ಟು, ದಿನ ತಳ್ಳದೆ ತೋರಿಸಿ. ಸಣ್ಣದಿರುವಾಗ ತೆಗೆದರೆ ಗುಣವಾಗುವ ಭರವಸೆ ಹೆಚ್ಚು. ಯಾರಾದರೂ ‘ನಾಯಿ ತಾನೇ’ ಎಂದರೆ ‘ಹೌದು, ನಮ್ಮ ನಾಯಿ’ ಎಂದು ಹೇಳಿ. ಆಮೇಲೆ ಕೈ ತೊಳೆದುಕೊಂಡು, ಬಚ್ಚಲಿನ ಬಾಗಿಲು ಹಾಕಿಕೊಂಡು, ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲೂ ಗಂಟು ಸಿಕ್ಕರೆ ಮಗಳ ಮದುವೆ ಮುಗಿಯುವವರೆಗೆ ಕಾಯಬೇಡಿ.